ಮಂಡಿನೋವಿಗೆ ಲಕ್ಕಿ ಸೊಪ್ಪಿನ ಎಣ್ಣೆ: ಕಾಯಿಸುವ ಹದ, ಶಾಖದ ಗಂಟು, ತಿಕ್ಕುವ ಕ್ರಮ

ಅರ್ಧ ಕೆಜಿ ಎಳ್ಳೆಣ್ಣೆಯನ್ನು ಲಕ್ಕಿ ಸೊಪ್ಪಿನ ಕಷಾಯದಲ್ಲಿ ಕಾಯಿಸಿ ತಿಕ್ಕುವ ಎಣ್ಣೆ ಮಾಡಿಕೊಳ್ಳುವುದು, ಅದೇ ಸೊಪ್ಪಿನಿಂದ ಎರಡು ಶಾಖದ ಗಂಟು (ಬಿಸಿ ಮಾಡಿ ಮೈಗೆ ಒತ್ತುವ ಬಟ್ಟೆಯ ಗಂಟು) ಕಟ್ಟುವುದು, ಎರಡನ್ನೂ ವಯಸ್ಸಿನಿಂದ ಸವೆದ ಮಂಡಿಯ ಮೇಲೆ ಬಳಸುವುದು. ಕೆಲಸ ಇಷ್ಟೇ. ಕಷಾಯಕ್ಕೆ ಅರ್ಧ ದಿನ, ಎಣ್ಣೆಗೆ ಇನ್ನರ್ಧ ದಿನ ಹಿಡಿಯುತ್ತದೆ.

ಎಣ್ಣೆಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದು ಮೊದಲು ಸ್ಪಷ್ಟವಾಗಿರಲಿ. ಯಾವ ಎಣ್ಣೆಯೂ ಕೀಲಿನೊಳಗೆ ಇಳಿದು ಸವೆದ ಮೃದ್ವಸ್ಥಿಯನ್ನು (ಮೂಳೆಯ ತುದಿಯ ನುಣುಪಾದ ಪದರ) ಮತ್ತೆ ಬೆಳೆಸುವುದಿಲ್ಲ. ನೋವು ತಗ್ಗಿಸುವುದು ಕೈಯ ಒತ್ತು, ಬಿಸಿ, ಆಮೇಲೆ ತೊಡೆಗೆ ಕೊಡುವ ವ್ಯಾಯಾಮ. ಚರ್ಮ ಉಜ್ಜಿ ಕೆಂಪಾಗದಂತೆ ಕೈ ಜಾರಿಸುವುದು, ಬಿಸಿಯನ್ನು ಸಮನಾಗಿ ಹರಡುವುದು, ಘಾಟಿನಿಂದ ಆ ಜಾಗಕ್ಕೆ ಹಿತ ಕೊಡುವುದು ಎಣ್ಣೆಯ ಪಾಲು. ಅದಕ್ಕೇ ಎಣ್ಣೆಯಲ್ಲಿ ಎಷ್ಟು ಬೇರು, ಎಷ್ಟು ಎಲೆ ಇದೆ ಎನ್ನುವುದಕ್ಕಿಂತ ನೀರಿನಂಶ ಪೂರ್ತಿ ಹೋಗಿದೆಯೇ, ತಳ ಹಿಡಿದಿಲ್ಲವೇ ಎನ್ನುವುದೇ ದೊಡ್ಡದು. ನೀರು ಉಳಿದ ಎಣ್ಣೆ ಕಮಟುತ್ತದೆ, ಸೀದ ಎಣ್ಣೆ ಅಂಟುತ್ತದೆ. ಎರಡನ್ನೂ ಮೈಗೆ ಹಚ್ಚಲಾಗದು.

ಸೊಪ್ಪು, ಎಣ್ಣೆ, ಪಾತ್ರೆ

ಲಕ್ಕಿ ಗಿಡ ಕೆರೆ ಏರಿ, ಹಳ್ಳದ ದಂಡೆ, ಹೊಲದ ಬೇಲಿ ಎಲ್ಲೆಡೆ ಸಿಗುತ್ತದೆ. ಕೆಲವು ಕಡೆ ನೆಕ್ಕಿ, ನುಕ್ಕಿ ಎನ್ನುತ್ತಾರೆ, ಆಯುರ್ವೇದದಲ್ಲಿ ನಿರ್ಗುಂಡಿ. ಒಂದು ತೊಟ್ಟಿಗೆ ಐದು, ಕೆಲವೊಮ್ಮೆ ಮೂರು ಉದ್ದನೆಯ ಎಲೆ. ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಣ್ಣ. ತುದಿಯಲ್ಲಿ ಗೊಂಚಲಾಗಿ ನಸು ನೀಲಿ ಹೂವು. ಎಲೆ ಹಿಸುಕಿದರೆ ಮೂಗಿಗೆ ಹೊಡೆಯುವ ಘಾಟು ಬರಬೇಕು. ಬಾಣಂತಿಯ ಸ್ನಾನದ ನೀರಿಗೆ ಹಾಕುವ, ಕಾಳಿನ ಮೂಟೆಗೆ ಹುಳು ಬೀಳದಿರಲೆಂದು ಇಡುವ ಸೊಪ್ಪು ಇದೇ. ಹೆದ್ದಾರಿ ಬದಿಯದು, ಔಷಧಿ ಹೊಡೆದ ತೋಟದ ಬೇಲಿಯದು ಬೇಡ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ದಪ್ಪ ಕಡ್ಡಿ ತೆಗೆದು ಎಲೆ, ಎಳೆ ಕುಡಿ ಮಾತ್ರ ತೂಗಿ.

ಆಯುರ್ವೇದದ ಹಳೆಯ ಗ್ರಂಥ ಶಾರ್ಙ್ಗಧರ ಸಂಹಿತೆಯ ಲೆಕ್ಕದಲ್ಲಿ ಕಲ್ಕ, ಅಂದರೆ ಎಣ್ಣೆಗೆ ಹಾಕುವ ಅರೆದ ಮುದ್ದೆ, 1 ಪಾಲು, ಎಣ್ಣೆ 4 ಪಾಲು, ದ್ರವ 16 ಪಾಲು. ಅದೇ ಲೆಕ್ಕ ಮನೆಯ ಪ್ರಮಾಣದಲ್ಲಿ ಹೀಗೆ ಬರುತ್ತದೆ:

ಕಷಾಯಕ್ಕೆ: ಹಸಿ ಲಕ್ಕಿ ಸೊಪ್ಪು 1 ಕೆಜಿ, ನೀರು 8 ಲೀಟರ್. ಕುದಿಸಿ 2 ಲೀಟರಿಗೆ ಇಳಿಸಬೇಕು.
ಕಲ್ಕಕ್ಕೆ: ಹಸಿ ಲಕ್ಕಿ ಎಲೆ 100 ಗ್ರಾಂ, ಒಣಶುಂಠಿ ಪುಡಿ 15 ಗ್ರಾಂ, ಓಮ 10 ಗ್ರಾಂ.
ಎಣ್ಣೆ: ಗಾಣದ ಎಳ್ಳೆಣ್ಣೆ 500 ಗ್ರಾಂ. ಅಳತೆಯಲ್ಲಿ ಸುಮಾರು 545 ಮಿಲಿ.
ಕೊನೆಗೆ: ಪಚ್ಚ ಕರ್ಪೂರ 10 ಗ್ರಾಂ.

ಎಣ್ಣೆಯನ್ನು ತೂಗಿ, ಅಳೆಯಬೇಡಿ. ಅರ್ಧ ಲೀಟರ್ ಎಳ್ಳೆಣ್ಣೆ ತೂಕದಲ್ಲಿ 460 ಗ್ರಾಂ ಮಾತ್ರ, ಅಳತೆ ನಂಬಿದರೆ ಕಲ್ಕದ ಪಾಲು ತಪ್ಪುತ್ತದೆ. ಗಾಣದ ಎಣ್ಣೆಯ ತಳದಲ್ಲಿ ಹಿಂಡಿಯ ಗಸಿ ಇರುತ್ತದೆ. ಎರಡು ದಿನ ಅಲುಗಿಸದೆ ಇಟ್ಟು ತಿಳಿಯನ್ನಷ್ಟೇ ಬಸಿದುಕೊಳ್ಳಿ. ಆ ಗಸಿಯೇ ಮುಂದೆ ತಳ ಹಿಡಿಯುವುದು. ಕೊಬ್ಬರಿ ಎಣ್ಣೆಯಲ್ಲೂ ಮಾಡಬಹುದು. ಆದರೆ 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ಕೊಡಗು, ಚಿಕ್ಕಮಗಳೂರಿನ ಚಳಿಗಾಲದಲ್ಲಿ ಪ್ರತಿ ಸಲ ಕರಗಿಸಬೇಕಾಗುತ್ತದೆ. ಹರಳೆಣ್ಣೆ ಒಂದೇ ಆದರೆ ಅಂಟು ಜಾಸ್ತಿ, ಕೈ ಓಡುವುದಿಲ್ಲ.

ಪಾತ್ರೆ ದಪ್ಪ ತಳದ ಸ್ಟೀಲಿನದು ಅಥವಾ ಕಂಚಿನ ಉರುಳಿ. ಕಷಾಯಕ್ಕೆ 12 ಲೀಟರ್ ಹಿಡಿಯುವಂಥದು, ಎಣ್ಣೆಗೆ ಕಡಿಮೆ ಎಂದರೂ 6 ಲೀಟರಿನ ಅಗಲ ಬಾಯಿಯದು. ಒಳಗಿರುವುದು ಎರಡೂವರೆ ಲೀಟರೇ ಆದರೂ ನೊರೆ ಬಹಳ ಎತ್ತರಕ್ಕೆ ಏಳುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕಷಾಯ ಕಪ್ಪಾಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯೂ ಅಲ್ಯೂಮಿನಿಯಮ್ಮೂ ಬೇಡ. ಕದಡಲು ಚಪ್ಪಟೆ ತುದಿಯ ಮರದ ಸಟ್ಟುಗ ಬೇಕು. ದುಂಡು ಸೌಟು ತಳವನ್ನು ಕೆರೆಯುವುದಿಲ್ಲ.

ಕಷಾಯ

ಮೊದಲು ಖಾಲಿ ಪಾತ್ರೆಗೆ 2 ಲೀಟರ್ ನೀರು ಸುರಿದು, ಒಂದು ಬಿದಿರು ಕಡ್ಡಿಯನ್ನು ತಳಕ್ಕೆ ಮುಟ್ಟಿಸಿ ನೀರಿನ ಮಟ್ಟಕ್ಕೆ ಚಾಕುವಿನಿಂದ ಗೀರು ಹಾಕಿಟ್ಟುಕೊಳ್ಳಿ. ಕುದಿಯುವ ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ಬಹಳ ಸಲ ಅರ್ಧ ಲೀಟರ್ ತಪ್ಪುತ್ತದೆ.

ಸೊಪ್ಪು ತೊಳೆದು ಜಜ್ಜಿ, 8 ಲೀಟರ್ ನೀರಿಗೆ ಹಾಕಿ, ಮುಚ್ಚಳವಿಲ್ಲದೆ ದೊಡ್ಡ ಒಲೆಯಲ್ಲಿ ಕುದಿಸಿ. ಕುದಿ ಬಂದ ಮೇಲೆ ಉರಿ ನಡುಮಟ್ಟಕ್ಕೆ. ಆರು ಲೀಟರ್ ಆವಿಯಾಗಲು ಮನೆಯ ಗ್ಯಾಸ್ ಒಲೆಯಲ್ಲಿ ಮೂರರಿಂದ ಮೂರೂವರೆ ಗಂಟೆ ಬೇಕು. ಕಷಾಯ ಮತ್ತು ಎಣ್ಣೆ ಎರಡೂ ಸೇರಿ ಸುಮಾರು 800 ಗ್ರಾಂ ಗ್ಯಾಸ್ ಹೋಗುತ್ತದೆ, ಹಿತ್ತಲಲ್ಲಿ ಸೌದೆ ಒಲೆ ಇದ್ದರೆ ಅದೇ ಲೇಸು. ಎಲೆ ಅರೆದು ರಸ ಹಿಂಡಿದರೆ ಈ ಕುದಿತ ತಪ್ಪುತ್ತದಲ್ಲವೇ ಎನ್ನಿಸಬಹುದು. ಲಕ್ಕಿ ಎಲೆಯಲ್ಲಿ ರಸ ಬಹಳ ಕಡಿಮೆ, ನೀರು ಸೇರಿಸದೆ ಅರೆದರೆ ಮಿಕ್ಸಿಯ ಬ್ಲೇಡೇ ತಿರುಗುವುದಿಲ್ಲ.

ಕಡ್ಡಿಯ ಗೀರಿಗಿಂತ ಎರಡು ಬೆರಳು ಮೇಲಿರುವಾಗಲೇ ಇಳಿಸಿ, ಸೊಪ್ಪು ಹಿಂಡಿ ತೆಗೆದು ಮತ್ತೆ ಅಳೆಯಿರಿ. ಹೆಚ್ಚಿದ್ದರೆ ಸೊಪ್ಪಿಲ್ಲದೆ ಇನ್ನಷ್ಟು ಕುದಿಸಬಹುದು. ಮರುದಿನ ಎಣ್ಣೆ ಕಾಯಿಸುವುದಾದರೆ ಕಷಾಯವನ್ನು ಫ್ರಿಜ್ಜಿನಲ್ಲಿಡಿ, ಇಲ್ಲವೇ ಮಲಗುವ ಮುಂಚೆ ಒಮ್ಮೆ ಕುದಿಸಿ ಮುಚ್ಚಿಡಿ. ಬೇಸಿಗೆಯಲ್ಲಿ ಹಾಗೇ ಬಿಟ್ಟ ಕಷಾಯ ಬೆಳಗಾಗುವಷ್ಟರಲ್ಲಿ ಹುಳಿ ವಾಸನೆಗೆ ತಿರುಗುತ್ತದೆ.

ಎಣ್ಣೆ ಕಾಯಿಸುವುದು

ಕಲ್ಕದ ಎಲೆ, ಶುಂಠಿ, ಓಮವನ್ನು ಸ್ವಲ್ಪ ಕಷಾಯದಲ್ಲೇ ಚಟ್ನಿಯಂತೆ ನುಣ್ಣಗೆ ಅರೆಯಿರಿ. ತರಿ ಉಳಿದರೆ ಕೊನೆಯಲ್ಲಿ ಹದ ನೋಡುವಾಗ ಬೆರಳಿಗೆ ಸಿಗುವುದು ಓಮದ ತರಿಯೋ ಪಾಕದ ತರಿಯೋ ಗೊತ್ತಾಗುವುದಿಲ್ಲ.

ಎಣ್ಣೆಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಒಲೆ ಆರಿಸಿ, ಕಲ್ಕ ಕದಡಿ, ಆಮೇಲೆ ಕಷಾಯವನ್ನು ಅರ್ಧ ಅರ್ಧ ಲೀಟರಾಗಿ ಸೇರಿಸಿ. ಕಾದ ಎಣ್ಣೆಗೆ ಕಷಾಯ ಸುರಿದರೆ ಸಿಡಿದು ಮುಖ ಸುಡುತ್ತದೆ. ಎಲ್ಲ ಬೆರೆತ ಮೇಲೆ ಒಲೆ ಹಚ್ಚಿ ಸಣ್ಣ ಉರಿಯಲ್ಲಿ ಮೂರರಿಂದ ನಾಲ್ಕು ಗಂಟೆ.

ಮೊದಲ ಅರ್ಧ ಗಂಟೆ ಪಾತ್ರೆ ಬಿಟ್ಟು ಕದಲಬಾರದು. ಹಸಿರು ನೊರೆ ಒಮ್ಮೆಗೇ ಏರಿ ಅಂಚು ದಾಟಿದರೆ ಎಣ್ಣೆ ಗ್ಯಾಸಿನ ಉರಿಗೆ ಬಿದ್ದು ಹೊತ್ತಿಕೊಳ್ಳುತ್ತದೆ. ಅಗಲದ ತಟ್ಟೆ ಕೈಗೆ ಸಿಗುವಂತಿರಲಿ, ಬೆಂಕಿಯಾದರೆ ಅದನ್ನು ಮುಚ್ಚಿ ಒಲೆ ಆರಿಸುವುದೇ ಉಪಾಯ. ನೀರು ಎರಚುವಂತಿಲ್ಲ. ನೊರೆ ಇಳಿದ ಮೇಲೆ ಐದು ನಿಮಿಷಕ್ಕೊಮ್ಮೆ ತಳ ಕೆರೆಯುತ್ತ ಕದಡಿದರೆ ಸಾಕು. ಎಣ್ಣೆಯಲ್ಲಿ ನೀರು ಇರುವವರೆಗೂ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿಯವರೆಗೆ ತಳ ಹಿಡಿಯುವ ಭಯ ಕಡಿಮೆ. ಕಡೆಯ ಅರ್ಧ ಗಂಟೆಯಲ್ಲೇ ಎಲ್ಲ ಕೆಡುವುದು.

ಆ ಕಡೆಯ ಹೊತ್ತನ್ನು ಕಿವಿಯಲ್ಲೂ ಕಣ್ಣಲ್ಲೂ ಹಿಡಿಯಬೇಕು. ದೊಡ್ಡ ಗುಳ್ಳೆಗಳ ಗುಳುಗುಳು ಸದ್ದು ನಿಂತು ಸಾಸಿವೆಯಷ್ಟು ಗುಳ್ಳೆಗಳು ಏಳತೊಡಗುತ್ತವೆ. ತಳದಲ್ಲಿ ಕೆಸರಿನಂತಿದ್ದ ಕಲ್ಕ ಮುದ್ದೆಗಟ್ಟಿ ಸಟ್ಟುಗಕ್ಕೆ ಹತ್ತುತ್ತದೆ, ಆಮೇಲೆ ಬಿಟ್ಟುಕೊಳ್ಳುತ್ತದೆ. ಈಗ ಉರಿಯನ್ನು ಇನ್ನಷ್ಟು ತಗ್ಗಿಸಿ, ಕೈ ನಿಲ್ಲಿಸದೆ ಕದಡುತ್ತ, ಎರಡೆರಡು ನಿಮಿಷಕ್ಕೆ ಹದ ನೋಡಿ. ಸಟ್ಟುಗದ ತುದಿಯಿಂದ ಚೂರು ಕಲ್ಕ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಿರಿ. ಬೆರಳಿಗೆ ಅಂಟಿ ಬತ್ತಿಯಾಗದಿದ್ದರೆ ಇನ್ನೂ ನೀರಿದೆ. ಅಂಟದೆ ಮೆತ್ತಗೆ ಬತ್ತಿಯಾದರೆ ಮಧ್ಯಮ ಪಾಕ. ಬತ್ತಿಯಾಗಿ ಒತ್ತಿದರೆ ಸಣ್ಣ ಮರಳಿನಂತೆ ಮುರಿದರೆ ಖರ ಪಾಕ. ಮೈಗೆ ತಿಕ್ಕುವ ಎಣ್ಣೆಗೆ ಹೇಳಿರುವುದು ಇದೇ. ಅದರಾಚೆ ಹೋದರೆ ಕಲ್ಕ ಕಪ್ಪಾಗಿ ಎಣ್ಣೆ ಸೀಯುತ್ತದೆ.

ಹೊಸೆದ ಬತ್ತಿಯನ್ನು ಒಲೆಯಿಂದ ದೂರ, ಬೇರೆ ದೀಪದ ಉರಿಗೆ ಹಿಡಿಯಿರಿ. ಚಟಪಟ ಎಂದರೆ ನೀರು ಉಳಿದಿದೆ, ಸದ್ದಿಲ್ಲದೆ ಉರಿದರೆ ಆಯಿತು. ಅದೇ ಹೊತ್ತಿಗೆ ಎಣ್ಣೆಯ ಮೇಲೆ ಹೊಸದಾಗಿ ಬಿಳಿ ನೊರೆ ಕಾಣಿಸುತ್ತದೆ. ತುಪ್ಪ ಕಾಯಿಸುವಾಗ ನೊರೆ ಅಡಗಿದರೆ ಹದ, ಎಣ್ಣೆಯಲ್ಲಿ ನೊರೆ ಎದ್ದರೆ ಹದ. ತುಪ್ಪ ಕಾಸಿ ಅಭ್ಯಾಸವಾದವರು ಈ ನೊರೆ ಅಡಗಲಿ ಎಂದು ಕಾಯುತ್ತ ಎಣ್ಣೆ ಸೀಸಿಬಿಡುತ್ತಾರೆ. ಅಡುಗೆಯ ಥರ್ಮಾಮೀಟರ್ ಇದ್ದರೆ 105 ದಾಟುವಾಗ ಎಚ್ಚರ, 110ಕ್ಕೆ ಇಳಿಸಿ. ಇಳಿಸಿದ ಮೇಲೂ ದಪ್ಪ ತಳದ ಬಿಸಿ ಕೆಲಸ ಮಾಡುತ್ತಲೇ ಇರುತ್ತದೆ, ಕೂಡಲೇ ಬೇರೆ ಒಣ ಪಾತ್ರೆಗೆ ಬಗ್ಗಿಸಿ.

ಸೋಸುವುದು, ತುಂಬುವುದು, ಕೆಟ್ಟರೆ ರಿಪೇರಿ

ಎಣ್ಣೆ 60–70 ಡಿಗ್ರಿಗೆ ಆರಿದಾಗ ಎರಡು ಮಡಿಕೆ ಹಳೆಯ ಪಂಚೆ ಬಟ್ಟೆಯಲ್ಲಿ ಸೋಸಿ, ಕಲ್ಕವನ್ನು ಇಕ್ಕಳದಿಂದ ತಿರುಚಿ ಹಿಂಡಿ. 400ರಿಂದ 430 ಗ್ರಾಂ ಸಿಗುತ್ತದೆ, ಉಳಿದದ್ದು ಕಲ್ಕ ಕುಡಿದುಕೊಂಡ ಪಾಲು. 50 ಡಿಗ್ರಿಗಿಂತ ಕೆಳಗಿಳಿದ ಮೇಲೆ, ಹತ್ತಿರ ಯಾವ ಉರಿಯೂ ಇಲ್ಲದಾಗ, ಪುಡಿ ಮಾಡಿದ ಕರ್ಪೂರ ಹಾಕಿ ಮುಚ್ಚಿಡಿ. ಕದಡುವುದೂ ಬೇಡ, ಕರಗುತ್ತದೆ. ಬಿಸಿ ಎಣ್ಣೆಗೆ ಹಾಕಿದರೆ ಅರ್ಧ ಆವಿಯಾಗಿ ಹೋಗುತ್ತದೆ, ಆ ಆವಿ ಹೊತ್ತಿಕೊಳ್ಳುವಂಥದು. ಆರತಿಯ ಬಿಲ್ಲೆ ಕರ್ಪೂರ ಬೇಡ, ಅದರಲ್ಲಿ ಏನು ಬೆರೆತಿದೆಯೋ ಹೇಳಲಾಗದು.

ಎರಡು ದಿನ ತಿಳಿಯಾಗಲು ಬಿಟ್ಟು, ಬಿಸಿಲಿನಲ್ಲಿ ಒಣಗಿಸಿದ ಕಂದು ಗಾಜಿನ ಬಾಟಲಿಗೆ ಬಗ್ಗಿಸಿ. ತೊಳೆದ ಬಾಟಲಿಯ ಕತ್ತಿನಲ್ಲಿ ಉಳಿದ ನಾಲ್ಕು ಹನಿ ನೀರು ಇಷ್ಟು ಹೊತ್ತಿನ ಶ್ರಮವನ್ನು ಹಾಳು ಮಾಡುತ್ತದೆ. ಮುಚ್ಚಳದ ಮೇಲೆ ದಿನಾಂಕ ಬರೆಯಿರಿ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಬಾಟಲಿ ಎತ್ತರದ ಕಪಾಟಿನಲ್ಲಿರಲಿ. ಎಳೆ ಮಕ್ಕಳಿಗೆ, ಬಸುರಿಯರಿಗೆ, ಮೂರ್ಛೆರೋಗ ಇರುವವರಿಗೆ ಕರ್ಪೂರ ಹಾಕಿದ ಎಣ್ಣೆ ಬೇಡವೇ ಬೇಡ.

ವಾರದಲ್ಲಿ ಎಣ್ಣೆ ಮಬ್ಬಾದರೆ ನೀರು ಉಳಿದಿದೆ. ಕೆಟ್ಟ ವಾಸನೆ ಬಂದಿಲ್ಲದಿದ್ದರೆ ಅಗಲ ಪಾತ್ರೆಯಲ್ಲಿ ಅತಿ ಸಣ್ಣ ಉರಿಗಿಟ್ಟು, ಗುಳ್ಳೆ ಪೂರ್ತಿ ನಿಂತ ಮೇಲೆ ಸೋಸಿ. ಕರ್ಪೂರ ಹಾರಿಹೋಗುವುದರಿಂದ ಆರಿದ ಮೇಲೆ ಮತ್ತೆ ಹಾಕಬೇಕು. ಹುಳಿ ವಾಸನೆ ಬಂದಿದ್ದರೆ, ತಳದಲ್ಲಿ ಬೂಷ್ಟು ಕಂಡರೆ ಚೆಲ್ಲಿ. ಸೀದ ವಾಸನೆಗೆ ರಿಪೇರಿಯಿಲ್ಲ, ದೀಪಕ್ಕೆ ಬಳಸಿ. ಬಾಟಲಿಯ ಕತ್ತಿನಲ್ಲಿ ಬಿಳಿ ಹರಳು ಕಟ್ಟುವುದು ಕರ್ಪೂರವೇ, ದೋಷವಲ್ಲ. ಮುಚ್ಚಳ ಸಡಿಲವಿದೆ ಎಂದಷ್ಟೇ ಅರ್ಥ.

ಶಾಖದ ಗಂಟು

ಒಂದು ಜೊತೆಗೆ: ಹೆಚ್ಚಿದ ಲಕ್ಕಿ ಸೊಪ್ಪು 150 ಗ್ರಾಂ, ಹರಳೆಲೆ 100 ಗ್ರಾಂ, ನುಗ್ಗೆ ಸೊಪ್ಪು 50 ಗ್ರಾಂ, ತುರಿದ ತೆಂಗಿನಕಾಯಿ 50 ಗ್ರಾಂ, ಬಿಲ್ಲೆ ಮಾಡಿದ ನಿಂಬೆಹಣ್ಣು ಒಂದು, ಕಲ್ಲುಪ್ಪು 10 ಗ್ರಾಂ. ಎಕ್ಕದ ಎಲೆಯನ್ನೂ ಹಾಕುವುದುಂಟು. ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕೆಲವರಿಗೆ ಚರ್ಮವೂ ಏಳುತ್ತದೆ. ಅದಿಲ್ಲದೆ ಗಂಟಿಗೆ ಏನೂ ಕೊರತೆಯಾಗದು.

ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ ಮೊದಲು ಕಾಯಿತುರಿ ಮತ್ತು ನಿಂಬೆ, ತುರಿ ನಸುಗೆಂಪಾದ ಮೇಲೆ ಸೊಪ್ಪು, ಕೊನೆಗೆ ಉಪ್ಪು. ಎಲೆಯ ಹಸಿ ನೀರು ಆರುವವರೆಗೆ ಹುರಿಯಿರಿ. ಹಸಿಯಾಗಿಯೇ ಕಟ್ಟಿದರೆ ತವಾದ ಮೇಲೆ ಒಳಗೆ ಆವಿ ತುಂಬಿ, ಮೈಗೆ ಒತ್ತಿದಾಗ ಬಿಸಿ ನೀರು ಒಸರಿ ಬೊಬ್ಬೆ ಬರುತ್ತದೆ. ಶಾಖ ಕೊಟ್ಟು ಸುಟ್ಟುಕೊಂಡವರಲ್ಲಿ ಬಹುಪಾಲು ಹೀಗೇ. ಎರಡು ಪಾಲು ಮಾಡಿ, ಒಂದೂವರೆ ಅಡಿ ಚೌಕದ ಹತ್ತಿ ಬಟ್ಟೆಯಲ್ಲಿ ಕಿತ್ತಳೆ ಗಾತ್ರಕ್ಕೆ ಬಿಗಿಯಾಗಿ ಕಟ್ಟಿ. ಹಿಡಿಯಲು ಜುಟ್ಟು ಬಿಡಿ. ಸಿಂಥೆಟಿಕ್ ಬಟ್ಟೆ ತವಾಕ್ಕೆ ಅಂಟಿ ಕರಗುತ್ತದೆ.

ತವಾಕ್ಕೆ ಒಂದು ಚಮಚ ಎಣ್ಣೆ, ಸಣ್ಣ ಉರಿ. ಒಂದು ಗಂಟು ಕಾಯುತ್ತಿರುವಾಗ ಇನ್ನೊಂದು ಕೆಲಸ ಮಾಡುತ್ತಿರಬೇಕು. ಕಾದ ಗಂಟನ್ನು ಕೊಡುವವರು ತಮ್ಮ ಮುಂಗೈಯ ಒಳಬದಿಗೆ ಮೂರು ಸೆಕೆಂಡು ಒತ್ತಿಟ್ಟು ನೋಡಿಕೊಂಡೇ ಮುಟ್ಟಿಸಬೇಕು. 40ರಿಂದ 45 ಡಿಗ್ರಿ ಹಿತ. 60 ಡಿಗ್ರಿಯಾದರೆ ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿ ಗೊತ್ತಾಗುವುದೇ ಇಲ್ಲ, ಅವರಿಗೆ ಗಂಟು ಬೇಡ, ಬೆಚ್ಚಗಿನ ಎಣ್ಣೆಯಷ್ಟೇ ಸಾಕು. ಡೈಕ್ಲೋಫೆನಾಕ್‌ನಂಥ ನೋವಿನ ಜೆಲ್ ಹಚ್ಚಿದ್ದರೆ ಅದನ್ನು ತೊಳೆದ ಮೇಲೇ ಶಾಖ.

ಯಾವಾಗ ಕೈ ಹಚ್ಚಬಾರದು

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ. ಮಂಡಿ ದಿಢೀರನೆ ಕೆಂಪಾಗಿ ಊದಿ ಜ್ವರ ಬಂದಿದ್ದರೂ ಹಾಗೇ. ಉಳುಕಿದ ಮೊದಲ ಎರಡು ದಿನ ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ಬಿದ್ದು ಕಾಲೂರಲು ಆಗದಿದ್ದರೆ ಮೊದಲು ಎಕ್ಸ್‌ರೇ. ಉಬ್ಬಿದ ನರಗಳ ಮೇಲೆ, ಗಾಯದ ಮೇಲೆ ಒತ್ತುವಂತಿಲ್ಲ. 2006ರಲ್ಲಿ ರಾಜ್ಯದ ತುಂಬ ಹರಡಿದ್ದ ಚಿಕೂನ್‌ಗುನ್ಯಾ ತಿಂಗಳುಗಟ್ಟಲೆ ಕೀಲುನೋವು ಉಳಿಸುತ್ತದೆ. ಅಂಥ ಬಾವಿನ ಕೀಲಿಗೆ ಗಟ್ಟಿಯಾಗಿ ತಿಕ್ಕಿದರೆ ಮರುದಿನ ನೋವು ಹೆಚ್ಚುತ್ತದೆ, ಹಗುರವಾಗಿ ಸವರಿದರೆ ಸಾಕು.

ಹೊಸ ಎಣ್ಣೆಯನ್ನು ಮುಂಗೈಯ ಒಳಬದಿಗೆ ಕಾಸಿನಗಲ ಹಚ್ಚಿ 24 ಗಂಟೆ ನೋಡಿ. ತುರಿಕೆ, ದದ್ದು ಬಂದರೆ ಬಳಸಬೇಡಿ.

ತಿಕ್ಕುವ ಕ್ರಮ

ಒಂದು ಮಂಡಿಗೆ 8–10 ಮಿಲಿ ಎಣ್ಣೆ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ನೇರ ಉರಿಗಿಡಬೇಡಿ. ಮಲಗಿಸಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಕಾಲು ಸ್ವಲ್ಪ ಮಡಿದಿರುವಂತೆ ಮಾಡಿ. ಕಾಲು ಚಾಚಿ ಬಿಗಿದಿದ್ದರೆ ತೊಡೆ ಸಡಿಲವಾಗುವುದೇ ಇಲ್ಲ.

ನೋವು ಮಂಡಿಯಲ್ಲಿದ್ದರೂ ಹೆಚ್ಚಿನ ಕೆಲಸ ತೊಡೆಯಲ್ಲಿದೆ. ಮಂಡಿಚಿಪ್ಪನ್ನು ಎಳೆದು ಹಿಡಿದಿರುವುದು ತೊಡೆಯ ಮುಂಭಾಗದ ಸ್ನಾಯುಗಳು. ಅವು ಬಿಗಿದು ಸೊರಗಿದಾಗ ಮೆಟ್ಟಿಲು ಇಳಿಯುವ ಭಾರವೆಲ್ಲ ಕೀಲಿಗೆ ಬೀಳುತ್ತದೆ. ಚಿಪ್ಪಿನ ಮೇಲ್ತುದಿಯಿಂದ ತೊಡೆಯ ನಡುವಿನವರೆಗೆ ಎರಡೂ ಅಂಗೈಯಲ್ಲಿ ಮೇಲ್ಮುಖವಾಗಿ ನೀವಿ, ಐದು ನಿಮಿಷ. ಚಿಪ್ಪಿನ ಮೇಲೆ ಒಳಬದಿಗೆ ನಾಲ್ಕು ಬೆರಳು ದೂರದಲ್ಲಿ ಒತ್ತಿದರೆ ಚುರುಕ್ಕೆನ್ನುವ ಗಂಟು ಸಿಗುತ್ತದೆ. ಅಲ್ಲಿ ಹೆಬ್ಬೆರಳು ಊರಿ 20–30 ಸೆಕೆಂಡು ನಿಲ್ಲಿಸಿ. ತಿರುವಬೇಡಿ, ನೋವು ತಾನಾಗಿ ಕರಗುವವರೆಗೆ ಹಾಗೇ ಹಿಡಿಯಿರಿ. ಒತ್ತು ಎಷ್ಟಿರಬೇಕೆಂದರೆ ಮಲಗಿದವರು ಉಸಿರು ಬಿಗಿಹಿಡಿಯಬಾರದು.

ಚಿಪ್ಪಿನ ಸುತ್ತ ಹೆಬ್ಬೆರಳುಗಳಿಂದ ಸಣ್ಣ ಸುತ್ತು, ಎರಡು ನಿಮಿಷ. ಚಿಪ್ಪಿನ ಮೇಲೆ ನೇರ ಒತ್ತಬಾರದು. ಮಂಡಿಯ ಒಳಬದಿಯಲ್ಲಿ, ಕೀಲಿಗಿಂತ ಮೂರು ಬೆರಳು ಕೆಳಗೆ, ಮೂರು ಸ್ನಾಯುರಜ್ಜುಗಳು ಮೂಳೆಗೆ ಕೂಡುವ ಜಾಗವೊಂದಿದೆ. ಮಂಡಿ ಸವೆದಿದೆ ಎಂದುಕೊಂಡ ಎಷ್ಟೋ ಜನರ ನೋವು ಅಲ್ಲೇ ಇರುತ್ತದೆ, ಬೆರಳ ತುದಿಯಿಂದ ಅಡ್ಡಡ್ಡ ಹಗುರವಾಗಿ ತಿಕ್ಕಿ. ಮಂಡಿಯ ಹಿಂದಿನ ಗುಳಿಯಲ್ಲಿ ರಕ್ತನಾಳ, ನರ ಎರಡೂ ಮೇಲೇ ಇವೆ, ಅಲ್ಲಿ ಸವರಬಹುದು, ಒತ್ತುವಂತಿಲ್ಲ. ಮೀನಖಂಡವನ್ನು ಹಿಮ್ಮಡಿಯಿಂದ ಮೇಲಕ್ಕೆ ಮೂರು ನಿಮಿಷ. ಆಮೇಲೆ ಗಂಟಿನ ಶಾಖ ಹತ್ತು ನಿಮಿಷ. ಒಂದೇ ಕಡೆ ಇಡದೆ ತಟ್ಟುತ್ತ, ಸರಿಸುತ್ತ.

ಮೈ ಬೆಚ್ಚಗಿರುವಾಗಲೇ ವ್ಯಾಯಾಮ. ಟವೆಲ್ ಸುರುಳಿಯನ್ನು ಮಂಡಿಯ ಹಿಂಭಾಗದಿಂದ ಕೆಳಕ್ಕೆ ಅದುಮಿ ಐದು ಎಣಿಸಿ ಬಿಡಿ, ಹತ್ತು ಸಲ. ನಂತರ ಕಾಲು ನೇರ ಮಾಡಿ ಗೇಣು ಎತ್ತರಕ್ಕೆ ಎತ್ತಿ ಐದು ಎಣಿಸಿ ಇಳಿಸಿ, ಹತ್ತು ಸಲ. ಇದನ್ನು ಬಿಟ್ಟರೆ ತಿಕ್ಕಿದ್ದರ ಹಿತ ಕೆಲವೇ ಗಂಟೆ ಇರುತ್ತದೆ. ವ್ಯಾಯಾಮ ಮಾತ್ರ ನಿತ್ಯವೂ ಇರಲಿ, ತಿಕ್ಕುವುದು ವಾರಕ್ಕೆ ಮೂರು ಸಲವಾದರೂ ನಡೆಯುತ್ತದೆ. ಎರಡೂ ಮಂಡಿಗೆ ದಿನಾ ಬಳಸಿದರೆ ಒಂದು ಸಲ ಕಾಯಿಸಿದ ಎಣ್ಣೆ ಮೂರು ವಾರ ಬರುತ್ತದೆ.

ಏಳುವ ಮುಂಚೆ ಅಂಗಾಲಿನ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಒರೆಸಲೇಬೇಕು. ಮಂಡಿನೋವಿಗೆಂದು ಎಣ್ಣೆ ತಿಕ್ಕಿಸಿಕೊಂಡ ವಯಸ್ಸಾದವರು ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವುದು ಎಲ್ಲ ಊರಿನಲ್ಲೂ ಇದೆ. ಅರ್ಧ ಗಂಟೆ ಬಿಟ್ಟು ಕಡಲೆಹಿಟ್ಟು ಅಥವಾ ಸೀಗೆಪುಡಿ ಹಚ್ಚಿ ತೊಳೆಯಿರಿ. ಬಚ್ಚಲ ನೆಲಕ್ಕೂ ಸೋಪುಪುಡಿ ಹಾಕಿ ಉಜ್ಜಿ. ಗಂಟಿನ ಸೊಪ್ಪನ್ನು ಅಂದೇ ಗಿಡಕ್ಕೆ ಹಾಕಿ, ಮರುದಿನಕ್ಕೆ ಇಟ್ಟರೆ ಕಾಯಿತುರಿ ಹಳಸುತ್ತದೆ. ಎಣ್ಣೆ ಕುಡಿದ ಬಟ್ಟೆಗಳನ್ನು ಒಲೆಯ ಪಕ್ಕ ರಾಶಿ ಹಾಕದೆ, ಬಿಸಿನೀರು ಸೋಪಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹರಡಿ.